ಕನ್ಯಾ ನೋಡಲು ಬಂದವರಿಗೆ ಒಂದು ಸಮೀಕರಣ

ಗಜೇಂದ್ರಗಡದಿಂದ ನನ್ನನ್ನು ನೋಡಲು ಬಂದವರು, ರೋಣದ ನಮ್ಮ ಪಡಸಾಲೆಯಲ್ಲಿ ಕುಳಿತು ಚುರುಮುರಿ ತಿಂದು ಮುಗಿಸುವ ಮೊದಲೇ ತೀರ್ಪು ಕೊಟ್ಟರು. ಹುಡುಗನ ಸೋದರಮಾವ ಬಾಯಿ ಒರೆಸಿಕೊಂಡು, "ಹುಡುಗಿ ಚಲೋ ಅದಾಳ್ರಿ. ಮದುವ್ಯಾದ ಮ್ಯಾಲ ಆ ಸಾಲಿ ನೌಕರಿ ಒಂದ ಬಿಟ್ರ ಆತು," ಎಂದರು. ನಮ್ಮಪ್ಪ ಗೋಣು ಆಡಿಸಿಯೇಬಿಟ್ಟರು! ನನಗೆ ಮೈಯೆಲ್ಲ ಉರಿಯಿತು. ಸೂಡಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಅದನ್ನು ಬಿಟ್ಟು ಮನೆಯಲ್ಲಿ ಕೂಡುವುದು ನನ್ನಿಂದಾಗುವ ಮಾತಲ್ಲ. ಆದರೆ ಖರೇ ಹೇಳುತ್ತೇನೆ, ಹುಡುಗ ಮನಸ್ಸಿಗೆ ಬಂದುಬಿಟ್ಟಿದ್ದ. ಅದೇ ಪೇಚು.

ನಮ್ಮಲ್ಲಿ ಕನ್ಯಾ ನೋಡಲು ಬಂದವರು ಅಕ್ಷರ ನೋಡುವ ನೆಪದಲ್ಲಿ ಹುಡುಗಿಯಿಂದ ಒಂದು ಸಾಲು ಬರೆಸುತ್ತಾರೆ. ಸೋದರಮಾವ ಹಾಳೆ ಮುಂದೆ ಸರಿಸಿ, "ಏನರ ಬರಿಯವಾ," ಎಂದರು. ಎಲ್ಲರೂ ದೇವರ ಹೆಸರು ಬರೆಯುತ್ತಾರೆ. ನಾನು H₂ + O₂ → H₂O ಎಂದು ಬರೆದೆ.

"ಇದೇನವಾ?"

"ಎಡಕ್ಕಿರೋವು ಪ್ರತಿವರ್ತಕ, ಬಲಕ್ಕಿರೋದು ಉತ್ಪನ್ನರಿ. ಕೂಡಿದ್ರ ನೀರು. ಆದ್ರ ಎಡಕ್ಕ ಆಕ್ಸಿಜನ್ ಒಂದು ಹೆಚ್ಚಾಗೇತಿ. ಯಾರರ ಸರಿದೂಗಸ್ತೀರೇನ್ರಿ?"

ಬಾಗಿಲಲ್ಲಿ ನಿಂತಿದ್ದ ಅವ್ವ ಕಣ್ಣು ಕಿಸಿದಳು. ಬಟ್ಟೆ ಅಂಗಡಿ ನಡೆಸುವ ಹುಡುಗ ಮಾತ್ರ ಹುರುಪಿನಿಂದ ಪೆನ್ನು ತೆಗೆದು, ನೀರಿನ O ಅಕ್ಷರದ ಕೆಳಗೂ ಎರಡು ಬರೆದು ಮೀಸೆ ತಿರುವಿದ.

"ಅಯ್ಯ, ಈಗ ಇದು ನೀರಲ್ರಿ," ಎಂದೆ. "ದವಾಖಾನ್ಯಾಗ ಗಾಯಕ್ಕ ಹಾಕಿದ್ರ ಬುಸುಬುಸು ನೊರಿ ಬರ್ತೈತಲ್ಲ, ಆ ಔಷಧ. ಬೀಗರಿಗೆ ಕುಡಿಯಾಕ ಇದನ್ನ ಕೊಡೂಣೇನ್ರಿ?"

ಸೋದರಮಾವ ಕೈಯಲ್ಲಿದ್ದ ಲೋಟ ಮೆಲ್ಲಗೆ ಕೆಳಗಿಟ್ಟರು.

ನಾನು ಅದನ್ನು ಹೊಡೆದುಹಾಕಿ, H₂ ಮುಂದೆ ಎರಡು, H₂O ಮುಂದೆ ಎರಡು ಬರೆದೆ. "ಕೆಳಗಿನ ಅಂಕಿ ಮುಟ್ಟಿದ್ರ ವಸ್ತುನ ಬ್ಯಾರೆ ಆಗತೈತಿ. ಮುಂದಿನ ಅಂಕಿ ಹೆಚ್ಚಸಿ ಸರಿದೂಗಸಬೇಕ್ರಿ. ನನ್ನ ನೌಕರಿ ಬಿಡಿಸಿದ್ರೂ ಹಿಂಗ. ನಿಮ್ಮನಿಗೆ ಬರಾಕಿ ನಾನಲ್ಲ, ಬ್ಯಾರೆ ಯಾರೋ."

ಸಂಬಂಧ ಮುರಿಯಿತೆಂದು ಅಪ್ಪ ನೆಲ ನೋಡಿದರು.

"ಆತವಾ, ನೀ ಮುಂಜಾನೆದ್ದು ಬಸ್ ಹತ್ತಿದ್ರ ರೊಟ್ಟಿ ಬಡಿಯೋರು ಯಾರು?" ಹುಡುಗನ ತಾಯಿ ಕೇಳಿದರು.

ಹುಡುಗ ಹಾಳೆಯಲ್ಲಿ H₂ ಮುಂದಿನ ಎರಡನ್ನೇ ನೋಡುತ್ತ, "ನಾನೂ ಕೈ ಹಚ್ಚತೇನಿ. ಕೆಲಸಕ್ಕ ಇಬ್ಬರಾಗ್ತೇವಲ್ಲ," ಎಂದ.

"ನೀನ? ಹುಟ್ಟಿದಾಗಿಂದ ಉಂಡ ತಾಟು ಎತ್ತಿಲ್ಲ, ಭಾಡ್ಯಾ!" ತಾಯಿ ಹಣೆ ಬಡಿದುಕೊಂಡರು.

ಹುಡುಗನ ಮುಖ ಕೆಂಪಾಯಿತು. ಎದ್ದ. ತನ್ನ ತಾಟಿನ ಮೇಲೆ ಸೋದರಮಾವನ ತಾಟನ್ನೂ ಇಟ್ಟುಕೊಂಡು, ಅವ್ವನನ್ನು ದಾಟಿ ನೇರ ನಮ್ಮ ಅಡಿಗೆಮನೆಗೆ ಹೋದ.

ನಾನು ಅಪ್ಪನ ಅಂಗಿ ಜಗ್ಗಿದೆ. "ಅಪ್ಪಾ, ಹ್ಞೂಂ ಅನ್ರಿ. ಲಗೂನ!"