ದೇವಕಮ್ಮನ ತಂಬಿಗೆ

ಕೃಷ್ಣೆಯು ಕಾಲುವೆಯ ರೂಪದಿಂದ ಹುಣಸಗಿಯ ಸೀಮೆಗೆ ಇಳಿದುಬಂದ ಹೊಸದರಲ್ಲಿ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನೀರಿನ ಪಾಳಿಗಾಗಿ ಒಡಹುಟ್ಟಿದವರೇ ಸನಿಕೆ ಎತ್ತಿ ಎದುರುಬದುರು ನಿಂತರು. ಆ ಕಾಲುವೆಯ ಮಣ್ಣು ಹೊತ್ತವರಲ್ಲಿ ಕೇರಿಯ ಅಂಬ್ರಪ್ಪನೂ ಒಬ್ಬ. ಅವನ ಮಗಳು ದೇವಕಮ್ಮ ನರ್ಸಿನ ವಿದ್ಯೆ ಕಲಿತು ಅದೇ ಊರಿನ ದವಾಖಾನೆಗೆ ಬಂದಳು. ಬಿಳಿಯ ಸೀರೆಯುಟ್ಟು ಅವಳು ನಡುಬೀದಿಯಲ್ಲಿ ನಡೆದಾಗ ಕಟ್ಟೆಯ ಮೇಲಿನ ಹಿರಿಯರು ಕಣ್ಣು ಕಿರಿದುಮಾಡಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ, ಹೆಜ್ಜೆಯನ್ನೂ ಬಿರುಸುಮಾಡಲಿಲ್ಲ.

ಅವಳ ಒಡಲಲ್ಲಿ ಒಂದು ಕೆಂಡವಿತ್ತು. ಹಸಿ ಬಾಣಂತಿಗೆ ನೀರು ಕೊಡುವ ವಾಡಿಕೆ ಆ ನಾಡಿನಲ್ಲಿರಲಿಲ್ಲ. ನೀರು ಕುಡಿದರೆ ತಾಯಿಯ ಹೊಟ್ಟೆ ಊದುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬುದು ಹಿರಿಯರ ಮಾತು. ಬಾಯಾರಿದರೆ ತುಟಿಗೆ ಒದ್ದೆಬಟ್ಟೆ ಒತ್ತುವುದಷ್ಟೇ. ದೇವರ ಜಗಲಿಯ ಮುಂದೆ ನಿತ್ಯವೂ ಹೊಸನೀರು ತುಂಬಿಡುವ ಮನೆಗಳಲ್ಲಿಯೇ, ದೇವರು ಕೊಟ್ಟ ಕೂಸಿನ ತಾಯಿ ಹನಿನೀರಿಗೆ ಬಾಯ್ದೆರೆದು ಮಲಗಿರುತ್ತಿದ್ದಳು. ದೇವಕಮ್ಮನ ತಾಯಿ ಮರಿಲಿಂಗಮ್ಮ ಹಾಗೆಯೇ ಜ್ವರದಲ್ಲಿ ನೀರು ಬೇಡುತ್ತ ಬೇಡುತ್ತ ಕಣ್ಣು ಮುಚ್ಚಿದಳು. ಕೊಡದತ್ತ ಓಡಿದ ಬಾಲೆಯ ರಟ್ಟೆಯನ್ನು ಅಜ್ಜಿ ಬಿಗಿಹಿಡಿದಿದ್ದಳು. ಆ ಹಿಡಿತವನ್ನು ರಟ್ಟೆ ಮರೆಯಲಿಲ್ಲ.

ಊರಿನ ದೊಡ್ಡ ಒಕ್ಕಲಿನವನಾದ ಬಸವಂತ್ರಾಯನ ಸೊಸೆ ಮಲಕಮ್ಮನಿಗೆ ಹೆರಿಗೆ ಕಠಿಣವಾದಾಗ ದೇವಕಮ್ಮನನ್ನು ಹಿತ್ತಲ ಬಾಗಿಲಿನಿಂದ ಕರೆಸಿಕೊಂಡರು. ಪುರುಡಿನ ಮನೆಯಲ್ಲಿ ಮೈಲಿಗೆ ಹೇಗೂ ಇದ್ದದ್ದೇ. ಆದುದರಿಂದ ಅವಳ ಕೈ ಸೊಸೆಯ ಮೈಗೆ ಸಲ್ಲಬಹುದು, ಮನೆಯ ಕೊಡಕ್ಕೆ ಸಲ್ಲದು ಎಂಬುದು ಅತ್ತೆ ದುರಗಮ್ಮನ ಶಾಸ್ತ್ರ. ಹೆಣ್ಣುಕೂಸು ಹುಟ್ಟಿತು. ತಾಯಿಗೆ ಬಹಳ ರಕ್ತ ಹೋಯಿತು.

ಮರುದಿನ ಮಧ್ಯಾಹ್ನ ದೇವಕಮ್ಮ ನೋಡಲು ಬಂದರೆ, ಕೆಂಡದ ಹೊಗೆ ತುಂಬಿದ ಕೋಣೆಯಲ್ಲಿ ಮಲಕಮ್ಮನ ಮೈ ಸುಡುತ್ತಿತ್ತು. ತುಟಿ ಬಿರಿದಿದ್ದವು, ಎದೆಯಲ್ಲಿ ಹಾಲಿರಲಿಲ್ಲ.

"ನೀರು ಕೊಟ್ಟೀರೇನ್ರಿ, ಗೌಡಶ್ಯಾನಿ?"

"ಹಸಿ ಮೈಗೆ ನೀರಾ? ನಾ ಏಳು ಹಡದೀನಿ, ಒಂದಕ್ಕೂ ನೀರು ಮುಟ್ಟಿಲ್ಲ. ನೀ ಎಷ್ಟು ಹಡದೀಯವ್ವಾ?"

"ನನಗಿನ್ನೂ ಲಗ್ನಾನ ಆಗಿಲ್ರಿ. ಏಳರಾಗ ಉಳದವು ಎಷ್ಟ್ರಿ?"

ದುರಗಮ್ಮನ ಮುಖ ಕಪ್ಪಿಟ್ಟಿತು. "ನಾಲಿಗಿ ಬಾಳ ಉದ್ದ ಅದ ನಿಂದು. ಗೌಡ್ರಿಗೆ ಹೇಳಿ ಬೋನಾಳದ ದವಾಖಾನಿಗೆ ಒಗಸ್ತೀನಿ ನೋಡು."

"ಒಗಸ್ರಿ. ಅಲ್ಲಿ ಹೆಣ್ಮಕ್ಕಳು ಹಡಿಯಂಗಿಲ್ಲೇನು?"

ಹೀಗೆಂದವಳು ಕೋಣೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಹೊಸ್ತಿಲ ಮೇಲೆ ಯಾರೂ ಕೂಡಬಾರದು, ಕೇರಿಯವಳಂತೂ ಕೂಡಲೇಬಾರದು. "ಇಕಿ ನೀರು ಕುಡಿಯೋತನ ಏಳಂಗಿಲ್ರಿ" ಎಂದಳು.

ದುರಗಮ್ಮನ ಕೂಗಿಗೆ ಬಸವಂತ್ರಾಯ ಕೆಸರುಗಾಲಲ್ಲೇ ಪಡಸಾಲೆಗೆ ಬಂದ. "ಏನಿದು ಗದ್ದಲ?"

ದೇವಕಮ್ಮ ಕುಳಿತಲ್ಲಿಂದಲೇ ಕೇಳಿದಳು: "ಗೌಡ್ರ, ಪಾಳಿ ತಪ್ಪಿತಂತ ಮೊನ್ನಿ ತೂಬಿನ ಮುಂದ ಸನಿಕಿ ಹಿಡದು ಕುಂತಿದ್ರಂತ. ಯಾಕ್ರಿ?"

"ಭತ್ತ ಒಣಗಾಕತ್ತಿತ್ತು. ಕುಂದರದೇ ಏನು ಮಾಡ್ಲಿ?"

"ನಿಮ್ಮ ಸೊಸಿನೂ ಒಣಗಾಕತ್ಯಾಳ್ರಿ. ಅದಕ್ಕ ನಾನೂ ಕುಂತೀನಿ."

ಬಸವಂತ್ರಾಯ ಹೆಂಡತಿಯ ಮುಖ ನೋಡಿದ. ಅಷ್ಟರಲ್ಲಿ ದೇವಕಮ್ಮ ತನ್ನ ಚೀಲದಿಂದ ಹಿತ್ತಾಳೆಯ ತಂಬಿಗೆ ತೆಗೆದಳು. ಅದರೊಳಗೆ ಕುದಿಸಿ ಆರಿಸಿದ ನೀರು. ತಾನೇ ತುಂಬಿ, ಬಾಯಿ ಕಟ್ಟಿ ತಂದದ್ದು.

"ಮಲಕಮ್ಮಾ, ಆ ನೀರು ಮುಟ್ಟಿದ್ರ ಈ ಮನಿ ಒಲಿ ಮುಟ್ಟಬ್ಯಾಡ" ಎಂದಳು ದುರಗಮ್ಮ.

ಮಲಕಮ್ಮ ಮೊಣಕೈಯೂರಿ ಎದ್ದಳು. ಯಾರೂ ಕುಡಿಸಬೇಕಾಗಲಿಲ್ಲ. ತಾನೇ ಕೈಚಾಚಿ ತಂಬಿಗೆಯನ್ನು ಇಸಿದುಕೊಂಡು, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ತಳ ಕಾಣುವವರೆಗೆ ಕುಡಿದಳು. ಗಲ್ಲದ ನೀರನ್ನು ಸೆರಗಿನಿಂದ ಒರೆಸಿಕೊಂಡು, "ಒಲಿ ನೀವ ಮುಟ್ಟ್ರಿ, ಅತ್ತಿ" ಎಂದಳು.

ದೇವಕಮ್ಮ ಗುಳಿಗೆ ಕೊಟ್ಟು ಎದ್ದು ಹೋದಳು. ದುರಗಮ್ಮ ತಂಬಿಗೆಯನ್ನು ಕೋಲಿನಿಂದ ನೂಕುತ್ತ ನೂಕುತ್ತ ತಿಪ್ಪೆಗೆ ಸೇರಿಸಿದಳು. ಮಾರನೆಯ ದಿನ ದೇವಕಮ್ಮ ಬೇರೊಂದು ತಂಬಿಗೆಯೊಡನೆ, ಈ ಸಲ ತಲಬಾಗಿಲಿನಿಂದಲೇ, ಒಳಗೆ ಬಂದಳು. ತಡೆಯಲು ಬಂದ ದುರಗಮ್ಮ ಸೊಸೆಯ ಮೋರೆ ನೋಡಿ ಪಕ್ಕಕ್ಕೆ ಸರಿದಳು. ದಿನಗಳೆದಂತೆ ಜ್ವರ ಇಳಿಯಿತು, ಕೂಸಿಗೆ ಹಾಲು ಬಂತು.

ಭತ್ತದ ಕೊಯ್ಲಿಗೆ ಮೊದಲೇ ಬೋನಾಳಕ್ಕೆ ಬದಲಿಯಾಯಿತು. ಯಾರ ಕೈವಾಡವೆಂದು ದೇವಕಮ್ಮ ವಿಚಾರಿಸಲಿಲ್ಲ. "ಹೋಗಿ ಗೌಡ್ರ ಕಾಲು ಹಿಡದ್ರ ನಿಲ್ಲತೈತೇನೋ, ಮಗಳ" ಎಂದ ಅಂಬ್ರಪ್ಪನಿಗೆ, "ನೀ ಅವರ ಹೊಲಕ್ಕ ನೀರು ತಂದಿ, ನಾ ಅವರ ಮನಿಯೊಳಗ ನೀರು ಒಯ್ದೆ. ಕಾಲು ಯಾಕ ಹಿಡೀಲಿ?" ಎಂದು ಹೇಳಿ ಟ್ರಂಕನ್ನು ಬಸ್ಸಿನ ಮೇಲಕ್ಕೆ ಏರಿಸಿದಳು.

ಎರಡು ವರುಷದ ತರುವಾಯ ಬೇಸಿಗೆಯಲ್ಲಿ, ಬೋನಾಳದ ಕೆರೆಯ ಹಕ್ಕಿಗಳೂ ನೆರಳಿಗೆ ಸೇರಿದ ಹೊತ್ತಿಗೆ, ತುಂಬಿದ ಬಸುರಿಯೊಬ್ಬಳು ದವಾಖಾನೆಯ ಮುಂದೆ ಬಂದು ನಿಂತಳು. ಮಲಕಮ್ಮ. ಕೈಯಲ್ಲಿ ತಿಪ್ಪೆಯಿಂದ ಹೆಕ್ಕಿ, ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ ಅದೇ ತಂಬಿಗೆ.

"ಹಡದ ಮ್ಯಾಲ ಇದ್ರಾಗ ನೀರು ಕೊಡ್ರಿ, ಅಕ್ಕಾರ. ಮನ್ಯಾಗ ಹಡಿಯಂಗಿಲ್ಲಂತ ಹೇಳಿ ಬಂದೀನಿ."

ಬೇವಿನ ಮರದಡಿ ದುರಗಮ್ಮ ಮೋರೆ ತಿರುಗಿಸಿ ನಿಂತಿದ್ದಳು. "ಇಕಿ ಹಠಕ್ಕ ಬಂದೀನಿ. ನಿನ್ನ ಸಲುವಾಗಿ ಅಲ್ಲ."

"ಆಗಲ್ರಿ. ನೀರು ಕುಡೀತೀರೇನು?"

"ನೀರಡಿಕಿಲ್ಲ."

ಬಿಸಿಲಿಗೆ ಮುದುಕಿಯ ತುಟಿ ಬಿರಿದಿದ್ದವು. ದೇವಕಮ್ಮ ತಂಬಿಗೆಯನ್ನು ತುಂಬಿ ಹೊಸ್ತಿಲ ಮೇಲಿಟ್ಟಳು. ಮಲಕಮ್ಮನ ಕೈ ಹಿಡಿದು, ಹಿಂದಿರುಗಿ ನೋಡದೆ ಒಳಗೆ ಹೋದಳು.