ಗಾಣದವನ ಎಣ್ಣೆಯಿಲ್ಲದ ತಲೆ

ಕಿಕ್ಕೇರಿಯ ಗಾಣದ ದ್ಯಾವಯ್ಯ ಯಾರನ್ನೂ ಏನನ್ನೂ ಕೇಳುವವನಲ್ಲ. ತನಗೆ ತೋಚಿದ್ದೇ ಸರಿ ಎನ್ನುವ ಮೊಂಡ. ತೊಂಬತ್ತೇಳನೇ ಇಸವಿಯಲ್ಲಿ ಪಾಂಡವಪುರದ ನನ್ನ ನರ್ಸಿಂಗ್ ಹೋಮಿಗೆ ಹೆಂಡತಿ ಪಾರ್ವತಮ್ಮನನ್ನು ಕರೆತಂದ. ಆಕೆ ಮಾತು ಬಿಟ್ಟಿದ್ದಳು, ಊಟ ಬಿಟ್ಟಿದ್ದಳು. ಮಾತ್ರೆ ಕೆಲಸ ಮಾಡುವತನಕ ಕಾಯುವ ಶಕ್ತಿ ಆ ದೇಹದಲ್ಲಿ ಉಳಿದಿರಲಿಲ್ಲ. ತಲೆಗೆ ಕರೆಂಟು ಕೊಡುವ ಚಿಕಿತ್ಸೆಯೇ ದಾರಿ ಎಂದು ನಿರ್ಧರಿಸಿದೆ.

ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಿಸಿರುವುದರಿಂದ ಮೈ ಅಷ್ಟಾಗಿ ಅದುರುವುದಿಲ್ಲ. ಗುಣ ಮಾಡುವುದು ಕರೆಂಟು ಮಿದುಳಿನಲ್ಲಿ ಎಬ್ಬಿಸುವ ಫಿಟ್ಸ್; ಅದು ಬಂತೋ ಇಲ್ಲವೋ ಎಂಬುದನ್ನು ತಲೆಗೆ ಅಂಟಿಸಿದ ತಂತಿಗಳಿಂದ ಕಾಗದದ ಮೇಲೆ ಮೂಡುವ ಗೆರೆಗಳೇ ಹೇಳಬೇಕು. ತಲೆಗೆ ಎಣ್ಣೆ ಹಚ್ಚಬೇಡಿ ಎಂದು ಹಿಂದಿನ ದಿನವೇ ಹೇಳಿದ್ದೆ.

ಬೆಳಿಗ್ಗೆ ನೋಡಿದರೆ ಪಾರ್ವತಮ್ಮನ ಹಣೆಯ ಮೇಲೆ ಹರಳೆಣ್ಣೆ ಇಳಿಯುತ್ತಿತ್ತು.

"ಕರೆಂಟು ಕೊಟ್ರೆ ಕಾವು ಏರಕ್ಕಿಲ್ವಾ ಡಾಕ್ಟ್ರಮ್ಮ? ತಂಪಾಗಿರ್ಲಿ ಅಂತ ನಾನೇ ಒತ್ತಿವ್ನಿ. ನಮ್ ಗಾಣದ್ದೇ ಕಣವ್ವ, ಕಲಬೆರಕೆ ಇಲ್ಲ."

"ನಿನ್ನ ಎಣ್ಣೆಗೆ ತಂತಿ ಜಾರುತ್ತೆ, ಗೆರೆ ಬರಲ್ಲ. ತಡವಾದಷ್ಟೂ ಇವಳು ಉಳಿಯೋದು ಕಷ್ಟ. ಮೊದಲು ತೊಳಿ."

ಆಯಾ ಕುಳ್ಳಮ್ಮ ಸೀಗೆಪುಡಿ ಕಲಸಿ ತಂದಳು. ಚೊಂಬು ಎತ್ತಿದ್ದೇ ತಡ, ಪಾರ್ವತಮ್ಮ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

"ಮುತ್ತೈದೆ ಎಣ್ಣೆ ಇಲ್ದೆ ಬರೀ ತಲೇಲಿದ್ರೆ ಗಂಡ್ನಿಗೆ ಆಗಾಕಿಲ್ಲ ಅಂತ ಅವ್ಳ ಬಯ," ಎಂದ ದ್ಯಾವಯ್ಯ. ಕುಳ್ಳಮ್ಮನ ಕೈಯಿಂದ ಚೊಂಬು ಕಿತ್ತುಕೊಂಡು, ಸೀಗೆಯನ್ನು ತನ್ನ ತಲೆಗೇ ಬಳಿದು ನೀರು ಸುರಿದುಕೊಂಡ. "ನೋಡಮ್ಮಿ, ನಂದೂ ಬರೀ ತಲೆ. ಏನಾಗೋಯ್ತು? ಗುಂಡುಕಲ್ಲಂಗೆ ನಿಂತಿವ್ನಿ."

ಪಾರ್ವತಮ್ಮನ ಕೈ ಸಡಿಲವಾಯಿತು. ಆಗಲೂ ಅವನು ನನ್ನನ್ನು ಒಂದು ಮಾತು ಕೇಳಿರಲಿಲ್ಲ; ವಾರ್ಡೆಲ್ಲ ಒದ್ದೆ.

ಅವಳ ತಲೆ ತೊಳೆದು, ಕೂದಲು ಒಣಗಿಸಿ ತಂತಿ ಅಂಟಿಸಿದೆವು. ಕರೆಂಟು ಹಾಯುವಾಗ ಗೆರೆಗಳು ಚೆದುರಿದವು. ಕರೆಂಟು ನಿಂತೊಡನೆ ಯಂತ್ರದ ಪೆನ್ನುಗಳು ಮೊದಲು ಒತ್ತೊತ್ತಾಗಿ, ಆಮೇಲೆ ದೊಡ್ಡ ದೊಡ್ಡ ಅಲೆಗಳನ್ನು ಬರೆದು, ಥಟ್ಟನೆ ಮಟ್ಟಸ ಗೆರೆ ಎಳೆದವು. ಫಿಟ್ಸ್ ಬಂದು ಹೋಗಿತ್ತು; ನನಗೆ ಬೇಕಿದ್ದುದು ಅಷ್ಟೇ.

ಕೆಲವು ಸಲ ಹೀಗೆ ನಡೆದ ಮೇಲೆ ಪಾರ್ವತಮ್ಮ ಮುದ್ದೆ ಕೇಳಿ ತಿಂದಳು. ಅಷ್ಟು ದಿನವೂ ತಲೆಗೆ ಎಣ್ಣೆ ಮುಟ್ಟಿಸದಿದ್ದ ಗಂಡನನ್ನು ದಿಟ್ಟಿಸಿ ಕುಳ್ಳಮ್ಮನಿಗೆ ಹೇಳಿದಳು: "ಎಣ್ಣೆ ಮಾರೋರ ತಲೆ ನೋಡಕ್ಕ, ತೆಂಗಿನ ನಾರಂಗದೆ!"

ಊರಿಗೆ ಹೊರಟ ದಿನ ದ್ಯಾವಯ್ಯ ಚೀಲದಿಂದ ಬಾಟಲಿ ತೆಗೆದು ಅಂಗೈಗೆ ಎಣ್ಣೆ ಸುರಿದುಕೊಂಡ. ಎಂದಿನಂತೆ ಅವಳ ನೆತ್ತಿಗೆ ತಟ್ಟಿಬಿಡುತ್ತಾನೆ ಎಂದುಕೊಂಡೆ. ಕೈ ಅವಳ ತಲೆಯ ಹತ್ತಿರ ಹೋಗಿ ನಿಂತಿತು.

"ಅಚ್ಲೇನಮ್ಮಿ?" ಎಂದ.

ಅವಳ ಉತ್ತರಕ್ಕೆ ಕಾದ. ಬೆರಳ ಸಂದಿಯಿಂದ ಎಣ್ಣೆ ನನ್ನ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.