ಹಜರಾಬಿಯ ಮುಟಗಿ

ಆಳಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಮನೆಗೆ ಹತ್ತಿದ ಮನೆ ಹಜರಾಬಿಯದು. ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ ಆಕೆಯದು. ಬೆಳಿಗ್ಗೆ ಒಂಬತ್ತಕ್ಕೆ ಹೋದವಳು ಮೂರೂವರೆಗೆ ಕಾಲೆಳೆಯುತ್ತ ಬಂದು ಕಟ್ಟೆಯ ಮೇಲೆ ಕುಸಿದು ಕೂರುತ್ತಾಳೆ. ಮುನ್ನೂರು ಮಕ್ಕಳ ಅನ್ನ ಬಸಿದು ಸೊಂಟ ಬಿದ್ದುಹೋಗಿದೆ, ಮೊಣಕಾಲು ಬಾತಿವೆ. "ಇನ್ನ ಒಲಿ ಮುಖಾ ನೋಡಂಗಿಲ್ರಿ ಟೀಚರ್" ಎನ್ನುತ್ತಾಳೆ. ನಾಲ್ಕೂವರೆಗೆ ಮೊಮ್ಮಗಳು ಇರಮ ನಾಲ್ಕೈದು ಗೆಳತಿಯರನ್ನು ಕಟ್ಟಿಕೊಂಡು ಬಂದರೆ ಅದೇ ಬಾಯಿ ಮುಚ್ಚಿಕೊಂಡು ಎದ್ದು ಒಲೆ ಹಚ್ಚುತ್ತಾಳೆ.

ಅವರೆಲ್ಲ ಹಳ್ಳಿಗಳಿಂದ ಬರುವ ಹುಡುಗಿಯರು. ಒಂದಕ್ಕೆ ಊಟ, ಐದೂವರೆಗೆ ಬಸ್ಸು, ಮನೆ ಸೇರುವಾಗ ಏಳು. ನಡುವೆ ಸ್ಟ್ಯಾಂಡಿನಲ್ಲಿ ಸಿಗುವುದು ಬಣ್ಣದ ಪಾಕೀಟಿನ ಕುರುಕಲು. ಅದು ದುಡ್ಡು ಕೊಟ್ಟು ಗಾಳಿ ತಿನ್ನುವುದು ಎಂದು ಹಜರಾಬಿಯ ಸಿಟ್ಟು. ಬೆಳಗಿನ ಜೋಳದ ರೊಟ್ಟಿ ಹಂಚಿನ ಮೇಲೆ ಬಿಸಿ ಮಾಡಿ, ಮುರಿದು, ಬೆಳ್ಳುಳ್ಳಿ, ಖಾರ, ಉಪ್ಪು, ಶೇಂಗಾ ಪುಡಿ ಹಾಕಿ ಒರಳಿನಲ್ಲಿ ಕುಟ್ಟಿ, ಮೇಲೆ ಎಣ್ಣೆ ಬಿಟ್ಟರೆ ಮುಟಗಿ. ಹತ್ತು ನಿಮಿಷದ ಕೆಲಸ. ನೆಲಕ್ಕೆ ದಸ್ತರ್‌ಖಾನಿನ ಬಟ್ಟೆ ಹಾಸಿ ಒಂದೇ ದೊಡ್ಡ ತಾಟು ಇಡುತ್ತಾಳೆ, ಎಲ್ಲರ ಕೈ ಅದರಲ್ಲೇ.

ಜೂನ್‌ನಲ್ಲಿ ಆ ಗುಂಪಿಗೆ ಪ್ರಾಚಿ ಸೇರಿದಳು. ಮಾದನಹಿಪ್ಪರಗಾ ದಾರಿಯ ಸಣ್ಣ ಊರಿನವಳು, ಒಂಬತ್ತನೆಯ ತರಗತಿ, ಕಡ್ಡಿಯಂಥ ಹುಡುಗಿ. ಉಳಿದವರೆಲ್ಲ ಹಜರಾಬಿಯ ಮಂದಿಯೇ, ಮುಸ್ಲಿಮರ ಮಕ್ಕಳು. ಇವಳು ಬೇರೆ. ಹಜರಾಬಿ ನನ್ನ ಹತ್ತಿರ ಬಂದು, "ನಮ್ಮ ಮನಿ ರೊಟ್ಟಿ ತಿಂದ್ರ ಈ ಹುಡುಗಿ ಮನ್ಯಾಗ ಏನರ ಅಂದಾರೇನ್ರಿ?" ಎಂದು ಕೇಳಿದಳು.

"ಒಣಾದು ಕೊಡು. ಒಣಾದಕ್ಕ ಯಾರೂ ಏನೂ ಅನ್ನಂಗಿಲ್ಲ" ಎಂದೆ. ಬೇಯಿಸಿದ್ದಕ್ಕೆ ನಮ್ಮ ಕಡೆ ನೂರೆಂಟು ಕಟ್ಟಳೆ, ಶೇಂಗಾ ಬೆಲ್ಲಕ್ಕೆ ಯಾವುದೂ ಇಲ್ಲ. ದೊಡ್ಡ ಬುದ್ಧಿ ಹೇಳಿದೆ ಅಂದುಕೊಂಡೆ.

ಐದು ತಿಂಗಳು ಹಾಗೇ ನಡೆಯಿತು. ಒಳಗೆ ಮುಟಗಿ, ಹೊರಗೆ ಕಟ್ಟೆಯ ಮೇಲೆ ಪ್ರಾಚಿಗೆ ಕಾಗದದಲ್ಲಿ ಶೇಂಗಾ ಬೆಲ್ಲ. ಹಜರಾಬಿ ಆ ಶೇಂಗಾವನ್ನು ತಾನೇ ಹುರಿದು, ಜೊಳ್ಳು ತೆಗೆದು, ದಪ್ಪ ಕಾಳು ಆರಿಸಿ ಇಡುತ್ತಿದ್ದಳು. ಹುಡುಗಿ ತಲೆ ತಗ್ಗಿಸಿ ತಿಂದು ಹೋಗುತ್ತಿದ್ದಳು. ದೀಪಾವಳಿ ಆದಮೇಲೆ ಬರುವುದನ್ನೇ ಬಿಟ್ಟಳು.

ಸುದ್ದಿ ತಂದವಳು ಇರಮ. ಪ್ರಾಚಿ ಸ್ಟ್ಯಾಂಡಿನಲ್ಲಿ ಒಬ್ಬಳೇ ಖಾಲಿ ಹೊಟ್ಟೆಯಲ್ಲಿ ಕೂರುತ್ತಾಳೆ, ಬಸ್ಸಿನಲ್ಲಿ ಎರಡು ಸಲ ತಲೆ ತಿರುಗಿ ಬಿದ್ದಳು, ಸಾಲಿ ಬಿಡಿಸುತ್ತೇನೆ ಎಂದು ಅವಳಪ್ಪ ಮಿಲಿಂದ ಹಟ ಹಿಡಿದಿದ್ದಾನೆ. ಕೇಳಿದ ಹಜರಾಬಿ ಬಾತ ಕಾಲಲ್ಲೇ ಸ್ಟ್ಯಾಂಡಿಗೆ ಹೊರಟಳು. ನಾನೂ ಹೋದೆ.

"ಯಾಕ ಬೇಟಿ, ಮನಿಗೆ ಬರೋದ ಬಿಟ್ಟಿ?" ಎಂದು ಶೇಂಗಾದ ಪೊಟ್ಟಣ ಚಾಚಿದಳು.

ಪ್ರಾಚಿ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಬ್ಯಾಡ್ರಿ ನಾನಿ. ನಮ್ಮೂರ ಹೋಟೆಲ್ದಾಗೂ ನಮಗ ಹೊರಗ ಕೂಡಿಸೇ ಕೊಡ್ತಾರ. ನಿಮ್ಮ ಮನ್ಯಾಗ ಹಂಗ ಇರಂಗಿಲ್ಲ ಅಂದ್ಕೊಂಡಿದ್ದೆ."

ಮಿಲಿಂದ ಎಂಬ ಬೌದ್ಧರ ಹೆಸರು ಕೇಳಿದಾಗಲಾದರೂ ನನಗೆ ಹೊಳೆಯಬೇಕಿತ್ತು, ಅವರು ದಲಿತರು ಎಂದು. ಹಜರಾಬಿ ಪಕ್ಕದ ಬೆಂಚಿನ ಮೇಲೆ ಕೂತಳು.

"ಯಾ ಅಲ್ಲಾ! ನಮ್ಮ ಕೈದು ನೀ ತಿನ್ನಂಗಿಲ್ಲ ಅಂತ ನಾನ ಹೆದರಿದ್ನಲ್ಲ ಬೇಟಿ. ಮಂದಿ ನಮ್ಮ ಮನ್ಯಾಗ ನೀರ ಸುದ್ದಾ ಕುಡಿಯಂಗಿಲ್ಲ."

ಹುಡುಗಿ ಮುಖವೆತ್ತಿದಳು. "ನಿಮಗೂ ಹಂಗ ಮಾಡ್ತಾರೇನ್ರಿ?"

"ಮಾಡ್ತಾರ," ಎಂದಳು ಹಜರಾಬಿ. ದಣಿದ ದನಿ. ನನ್ನ ಕಡೆ ನೋಡಲಿಲ್ಲ.

ನೋಡಬಹುದಿತ್ತು. ಆಕೆಯ ಮನೆಯಲ್ಲಿ ಬೇಯಿಸಿದ್ದು ನಾನು ತಿನ್ನುವುದಿಲ್ಲ ಎಂದು ಹತ್ತು ವರ್ಷದಿಂದ ಪ್ರತಿ ರಂಜಾನಿಗೂ ಆಕೆ ನನಗೆ ಕಳಿಸುವುದು ಬೇಯಿಸದ ಶಾವಿಗೆ, ಸಕ್ಕರೆ, ಒಣ ಖರ್ಜೂರ. "ಒಣಾದು ಕೊಡು ಅಂತ ಹೇಳ್ದಾಕಿ ನಾನವ್ವ," ಎಂದು ಪ್ರಾಚಿಗೆ ಹೇಳಿದೆ. ತಲೆ ತಗ್ಗಿಸಿಯೇ ಹೇಳಿದ್ದು, ಹುಡುಗಿಗೆ ಕೇಳಿಸಿತೋ ಇಲ್ಲವೋ.

ಮರುದಿನ ಸಂಜೆ ಪ್ರಾಚಿ ಬಂದಳು. ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತಳು. ಇರಮ ಕೈಹಿಡಿದು ಎಳೆದು ತಾಟಿನ ಮುಂದೆ ಕೂರಿಸಿದಳು. ಮೊದಲ ತುತ್ತು ಅಂಜುತ್ತ ತಿಂದಳು, ಆಮೇಲೆ ಯಾರ ಪಾಲಿಗೂ ಬಿಡಲಿಲ್ಲ. ಬಾಯಿ ತುಂಬಿಕೊಂಡೇ, "ಮಾರ್ಚ್ ತನಕ ನೋಡೋಣ ಅಂದಾನ ಅಪ್ಪ. ತಲಿ ತಿರುಗಲಿಲ್ಲಂದ್ರ ಹತ್ತನೇತ್ತಕ್ಕೂ ಕಳಿಸ್ತಾನಂತ" ಎಂದಳು. ಹಜರಾಬಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ತಾಟು ಅರ್ಧ ಖಾಲಿಯಾದಾಗ ಪ್ರಾಚಿ ಬಾಗಿಲ ಕಡೆ ತಿರುಗಿದಳು. ನಾನು ಎಂದಿನಂತೆ ಹೊರಗೆ ಹಜರಾಬಿಯ ಕಟ್ಟೆಯ ಮೇಲಿದ್ದೆ.

"ಟೀಚರ್, ನೀವ್ಯಾಕ ಹೊರಗ ಕುಂತೀರಿ?"

ಹಜರಾಬಿ ಥಟ್ಟನೆ ಕಣ್ಣು ತೆರೆದಳು. ಹತ್ತು ವರ್ಷದಲ್ಲಿ ಆಕೆ ಒಮ್ಮೆಯೂ ನನಗೆ ಕೇಳದ ಪ್ರಶ್ನೆ ಅದು. ನಾನು ಚಪ್ಪಲಿ ಬಿಟ್ಟೆ.